ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಎರಡು ಬೆಳಗು

ಡಿಸೆಂಬರ್ ಕೊನೆಯ ವಾರ. ಬೆಳಿಗ್ಗೆ ಆರೂವರೆಗೆ ಲಾಡ್ಜಿನಿಂದ ಹೊರಗೆ ಬಂದರೆ ಹಾಸನದ ಬಿ.ಎಂ. ರಸ್ತೆ ಪೂರ್ತಿ ಮಂಜು. ಎದುರಿನ ಅಂಗಡಿಯ ಬೋರ್ಡೂ ಕಾಣುತ್ತಿರಲಿಲ್ಲ. ಹಾಸನಕ್ಕೆ ಬಂದವರು ಸಾಮಾನ್ಯವಾಗಿ ಬೇಲೂರು, ಹಳೇಬೀಡು, ಸಕಲೇಶಪುರ ಅಂತ ಊರು ದಾಟಿ ಹೋಗುತ್ತಾರೆ. ನಾನು ಬಂದದ್ದು ಊರಿಗೇ. ಇಲ್ಲಿನ ಬೀದಿಯ ಫೋಟೋ ತೆಗೆಯಬೇಕಿತ್ತು.

ಕಟ್ಟಿನಕೆರೆ ಮಾರುಕಟ್ಟೆ ಅಷ್ಟೊತ್ತಿಗಾಗಲೇ ಎದ್ದು ಕೂತಿತ್ತು. ಅವರೆಕಾಯಿಯ ಕಾಲ. ಮೂಟೆ ಬಿಚ್ಚಿದ ಕಡೆಯೆಲ್ಲ ಸೊಗಡಿನ ವಾಸನೆ. ತಲೆಗೆ ಟವೆಲ್ ಸುತ್ತಿಕೊಂಡವರು, ಬೀಡಿ ಹಚ್ಚಿದವರು, ತಕ್ಕಡಿ ಒರೆಸುತ್ತಿದ್ದವರು. ಎತ್ತ ತಿರುಗಿದರೂ ಒಂದು ಚಿತ್ರ.

ಬೀದಿಯಲ್ಲಿ ಫೋಕಸ್ ಮಾಡುತ್ತಾ ನಿಲ್ಲಲು ಪುರುಸೊತ್ತು ಸಿಗುವುದಿಲ್ಲ. ನನ್ನದು ಫುಲ್ ಫ್ರೇಮ್ ಕ್ಯಾಮೆರಾ, 35 ಎಂ.ಎಂ. ಲೆನ್ಸ್. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್ 8ಕ್ಕೆ ಇಟ್ಟು, ಫೋಕಸನ್ನು 3 ಮೀಟರಿಗೆ ನಿಲ್ಲಿಸಿಬಿಡುತ್ತೇನೆ. ಆಗ ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಓಡಾಡುವ ಜನ ಕಲಸಿಹೋಗದಿರಲು ಶಟರ್ ವೇಗ 1/250 ಸೆಕೆಂಡಾದರೂ ಬೇಕು. ಮಂಜಿನಲ್ಲಿ ಬೆಳಕು ಕಡಿಮೆ, ಅದಕ್ಕೆ ಬೆಳಕಿನ ಸೂಕ್ಷ್ಮತೆ ಹೇಳುವ ಐಎಸ್‌ಒ 3200ಕ್ಕೆ ಏರಿಸಿದೆ. ಚಿತ್ರ ಸ್ವಲ್ಪ ತರಿತರಿಯಾಗುತ್ತದೆ, ಆಗಲಿ.

ಲೆಕ್ಕವೇನೋ ಸುಲಭ. ಕಷ್ಟ ಇರುವುದು ಆ 2 ಮೀಟರಿನಲ್ಲಿ. ಅಷ್ಟು ಹತ್ತಿರ ಹೋದರೆ ಜನರ ಮಾತು ಕೇಳಿಸುತ್ತದೆ, ನಮ್ಮ ಮುಖವೂ ಅವರಿಗೆ ಕಾಣುತ್ತದೆ. ದೂರದಿಂದ ಜೂಮ್ ಹಾಕಿ ತೆಗೆಯಬಹುದು. ಅದು ಕದ್ದು ನೋಡಿದ ಹಾಗೆ, ನನಗೆ ಒಗ್ಗುವುದಿಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೋಡಿ ನಾನು ಕ್ಯಾಮೆರಾ ಹಿಡಿದವನು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನ ಕಂಡವು. ಅವರ ಚಿತ್ರದ ಜನ ಎಷ್ಟು ಹತ್ತಿರ ಇರುತ್ತಾರೆ, ಎಷ್ಟು ನಿರಾಳವಾಗಿ ಇರುತ್ತಾರೆ!

ಆಲೂಗೆಡ್ಡೆ ಮೂಟೆ ಹೊತ್ತವರೊಬ್ಬರ ಫೋಟೋ ತೆಗೆದೆ. ಅವರು ಮೂಟೆ ಇಳಿಸಿ ನೇರ ಬಂದರು. "ಕೇಳಿ ತೆಗೀಬೇಕು ತಾನೇ?" ಅಂದರು. ಅವರ ಮಾತು ಸರಿಯೇ. ಅವರೆದುರೇ ಅಳಿಸಿದೆ. ಆಮೇಲೆ ಅರ್ಧ ಗಂಟೆ ಕ್ಯಾಮೆರಾ ಎತ್ತಲು ಕೈ ಬರಲಿಲ್ಲ. ಕೇಳಿದರೆ ಜನ ನೆಟ್ಟಗೆ ನಿಂತುಬಿಡುತ್ತಾರೆ, ಆ ಗಳಿಗೆ ಹೋಗಿಬಿಡುತ್ತದೆ. ಕೇಳದಿದ್ದರೆ ಹೀಗೆ. ಇದಕ್ಕೆ ನನಗಿನ್ನೂ ದಾರಿ ಸಿಕ್ಕಿಲ್ಲ.

ಸುಮ್ನೆ ಹೂವಿನ ಸಾಲಿನಲ್ಲಿ ಹೋಗಿ ನಿಂತೆ. ಒಬ್ಬ ಅಮ್ಮ ಸೇವಂತಿಗೆ ಅಳೆಯುತ್ತಿದ್ದರು. ಎರಡೂ ಕೈ ಚಾಚಿ ಮಾರು ಹಾಕಿದಾಗ ಹಳದಿ ಹಾರ ಅವರ ಮುಖಕ್ಕೆ ಅಡ್ಡ ಬಂತು. ಹೂವಿನ ಮೇಲೆ ಒಂದು ಕಣ್ಣು ಮಾತ್ರ. ಹಿಂದೆ ಟೀ ಅಂಗಡಿಯವರು ಪಾತ್ರೆಯ ಮುಚ್ಚಳ ತೆಗೆದರು, ಹಬೆ ಎದ್ದು ಮಂಜಿಗೆ ಸೇರಿತು. ಒಂದೇ ಸಲ ಒತ್ತಿದೆ. ಎದೆ ಹೊಡೆದುಕೊಳ್ಳುತ್ತಿತ್ತು.

"ಪೇಪರ್ನವ್ರಾ?" ಅಮ್ಮ ಕೇಳಿದರು.

"ಇಲ್ಲಮ್ಮ. ನನಗಿಷ್ಟ, ಅದಕ್ಕೆ ತೆಗೀತೀನಿ. ಬೇಡ ಅಂದ್ರೆ ಅಳಿಸ್ತೀನಿ."

"ಅಳಿಸೋದ್ಯಾಕೆ? ನಂಗೊಂದು ಕಾಪಿ ಕೊಡು ಮಗಾ."

ಪ್ರಿಂಟ್ ಹಾಕಿಸಲು ಸ್ಟುಡಿಯೋಗೆ ಹೋದರೆ ಸಂಜೆ ಬನ್ನಿ ಅಂದರು. ಬಸ್ ಹತ್ತಿ ಬೇಲೂರಿಗೆ ಹೋಗಿಬಂದೆ, ಸುಮಾರು 40 ಕಿ.ಮೀ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಾಲಯ. ದರ್ಪಣ ಸುಂದರಿಯ ಶಿಲ್ಪದ ಕೆಳಗೆ ಎಲ್ಲರೂ ಮೊಬೈಲ್ ಎತ್ತಿದ್ದರು. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿರುವ ಆಕೆಯನ್ನು ನಾನೂ ತುಂಬಾ ಹೊತ್ತು ನೋಡಿದೆ. ಕ್ಯಾಮೆರಾ ಚೀಲದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಪ್ರಿಂಟ್ ಕೊಟ್ಟೆ. ಅಮ್ಮ ಅದನ್ನು ಬಲ್ಬಿನ ಕೆಳಗೆ ಹಿಡಿದು ನೋಡಿದರು. ಆ ಕಡೆ ಈ ಕಡೆ ತಿರುಗಿಸಿದರು.

"ನನ್ ಮುಖ ಎಲ್ಲಪ್ಪಾ? ಬರೀ ಹೂವೇ ಐತಲ್ಲ."

ಏನು ಹೇಳಲಿ? ಅದು ನಾನು ಈ ವರ್ಷ ತೆಗೆದ ಅತ್ಯಂತ ಒಳ್ಳೆಯ ಚಿತ್ರ. ಅವರು ಕೇಳಿದ್ದೂ ನ್ಯಾಯವೇ ಅಲ್ವಾ? ಚಿತ್ರ ಚೆನ್ನಾಗಿ ಬಂದದ್ದೇ ಅವರ ಮುಖ ಮರೆಯಾದ್ದರಿಂದ.

"ಕೂತ್ಕೊಳ್ಳಮ್ಮ, ಇನ್ನೊಂದು ತೆಗೀತೀನಿ" ಅಂದೆ.

ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು. ಸ್ವೆಟರ್ ತೆಗೆದಿಟ್ಟರು. ಆ ಚಳಿಯಲ್ಲಿ! ಸೆರಗು ಸರಿಮಾಡಿಕೊಂಡು, ಒಂದು ತುಂಡು ಕನಕಾಂಬರ ಮುಡಿದು, ಬೆನ್ನು ನೆಟ್ಟಗೆ ಮಾಡಿ ಕೂತರು. ಗಿರಾಕಿಗಳು ಪಕ್ಕಕ್ಕೆ ಸರಿದು ನಿಂತರು. ನಗಲಿಲ್ಲ ಆಕೆ. ಲೆನ್ಸನ್ನೇ ದಿಟ್ಟಿಸಿದರು. ಬೀದಿ ಫೋಟೋಗಳ ಲೆಕ್ಕಕ್ಕೆ ಇದು ಬರುವುದೇ ಇಲ್ಲ. ಆದರೆ ಆ ದೃಷ್ಟಿಯ ಎದುರು ನನ್ನ ಉಸಿರು ನಿಂತಿತ್ತು.

ಆಮೇಲೆ ಪಕ್ಕದವರು, ಅವರ ಪಕ್ಕದವರು, ಒಟ್ಟು ಏಳು ಜನ ಕೂತರು. ಮಧ್ಯಾಹ್ನದೊಳಗೆ ಪ್ರಿಂಟ್ ಹಾಕಿಸಿ ತಂದೆ. ಅಮ್ಮ ತಮ್ಮ ಹೊಸ ಫೋಟೋವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದುಡ್ಡಿನ ಡಬ್ಬಿಯೊಳಗೆ ಇಟ್ಟರು. ಹಳೆಯದನ್ನು ಇನ್ನೊಂದು ಸಲ ನೋಡಿದರು. ಹಾರದ ಹಿಂದೆ, ಹಬೆಯ ನಡುವೆ, ಟೀ ಅಂಗಡಿಯವರ ಮುಖ ಒಂದೊಂದು ಗೆರೆಯೂ ಬಿಡದೆ ಸ್ಪಷ್ಟವಾಗಿ ಬಂದಿತ್ತು.

"ಇದ್ರಲ್ಲಿ ನೀನೇ ಚೆನ್ನಾಗ್ ಬಂದಿದೀಯ, ತಗಳಪ್ಪ" ಅಂತ ಅವರಿಗೆ ಕೊಟ್ಟುಬಿಟ್ಟರು. ಅವರು ಕೈ ಒರೆಸಿಕೊಂಡು ತೆಗೆದುಕೊಂಡರು. ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ, ನನಗೊಂದು ಟೀ ಸೋಸಿದರು.