ಹಳಿಯ ಕೆಳಗಿನ ಕರಿಮರ

ಸಾಗರದ ಹತ್ತಿರ ತೋಟದ ಮನೆಯಲ್ಲಿರುವ ನನ್ನ ಸೋದರಮಾವ ಕಳೆದ ಬೇಸಿಗೆಯಲ್ಲಿ ಹೊಸ ಕೊಟ್ಟಿಗೆ ಕಟ್ಟಿಸುತ್ತಿದ್ದರು. ಹಳೆಯ ನಾಟಾ ಮಾರುವವರೊಬ್ಬರಿಂದ ಅವರು ಹಳಿಯ ಕೆಳಗೆ ಅಡ್ಡ ಹಾಸುವ ಮರದ ದಿಮ್ಮಿಗಳಾದ ಹನ್ನೆರಡು ರೈಲ್ವೆ ಸ್ಲೀಪರ್‌ಗಳನ್ನು ಅಗ್ಗದ ಬೆಲೆಗೆ ತಂದು ಅಂಗಳದಲ್ಲಿ ಅಟ್ಟಿ ಹಾಕಿದ್ದರು. ಮಧ್ಯಾಹ್ನದ ಬಿಸಿಲು ಏರಿದಂತೆ ಆ ರಾಶಿಯಿಂದ ಕರಿ ಫಿನಾಯಿಲನ್ನೂ ಡಾಂಬರನ್ನೂ ಕಲಸಿದಂಥ ಘಾಟು ಎದ್ದಿತು, ಕೆಲವು ತುಂಡುಗಳ ಮೈಮೇಲೆ ಕಪ್ಪು ಅಂಟು ಬೆವರಿನಂತೆ ಒಸರತೊಡಗಿತು. "ಇದಕ್ಕೆ ಗೆದ್ದಲು ಹತ್ತಿರವೂ ಸುಳಿಯುವುದಿಲ್ಲವಂತೆ, ಗೋದಲಿಗೂ ಇದನ್ನೇ ಹಾಕಿಸುತ್ತೇನೆ" ಎಂದು ಮಾವ ಹೇಳಿದಾಗ, ಗೋದಲಿಯ ವಿಷಯವನ್ನು ಎರಡು ದಿನ ಮುಂದಕ್ಕೆ ಹಾಕಿ ಎಂದು ನಾನು ಕೇಳಿಕೊಂಡೆ. ಗೆದ್ದಲು ಏಕೆ ಸುಳಿಯುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಆ ಘಾಟಿನಲ್ಲೇ ಇದೆ. ಅದರ ಹೆಸರು ಕ್ರಿಯೋಸೋಟ್.

ಹೆಸರಿನ ಅರ್ಥ ಸ್ವಾರಸ್ಯವಾಗಿದೆ. ಗ್ರೀಕ್ ಭಾಷೆಯ 'ಕ್ರೆಯಾಸ್' ಎಂದರೆ ಮಾಂಸ, 'ಸೋಟೆರ್' ಎಂದರೆ ಕಾಪಾಡುವವನು. ಇವೆರಡನ್ನು ಕೂಡಿಸಿ 1832ರಲ್ಲಿ ಈ ಪದವನ್ನು ಟಂಕಿಸಿದವನು ಜರ್ಮನ್ ರಸಾಯನಜ್ಞ ಕಾರ್ಲ್ ರೈಖೆನ್‌ಬಾಖ್. ಯುರೋಪಿನ ಬೀಚ್ ಎಂಬ ಮರವನ್ನು ಗಾಳಿಯಾಡದಂತೆ ಸುಟ್ಟಾಗ ಸಿಗುವ ಟಾರಿನಿಂದ ಅವನು ಬೇರ್ಪಡಿಸಿದ ಎಣ್ಣೆಗೆ ಮಾಂಸವನ್ನು ಕೊಳೆಯದಂತೆ ಇಡುವ ಶಕ್ತಿ ಇತ್ತು. ಅಡುಗೆಮನೆಯ ಹೊಗೆಯಲ್ಲಿ ಮೀನನ್ನೋ ಮಾಂಸವನ್ನೋ ತೂಗುಹಾಕಿ ಕಾಪಾಡುವವರು ಹೆಸರು ತಿಳಿಯದೆಯೇ ಬಳಸಿಕೊಂಡದ್ದು ಇದೇ ಗುಣವನ್ನು. ಎರಡು ವರ್ಷಗಳ ನಂತರ ರುಂಗೆ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಕಲ್ಲಿದ್ದಲಿನ ಟಾರಿನಿಂದ ಕಾರ್ಬಾಲಿಕ್ ಆಮ್ಲವನ್ನು ಬೇರ್ಪಡಿಸಿದಾಗ, ವಾಸನೆಯಲ್ಲೂ ಗುಣದಲ್ಲೂ ಹೋಲುತ್ತಿದ್ದ ಎರಡನ್ನೂ ಒಂದೇ ಎಂದು ಹಲವರು ಭಾವಿಸಿದರು. ಆ ಗೊಂದಲದ ಫಲವಾಗಿ, ಮರದ ಟಾರಿಗೆ ಇಟ್ಟ ಹೆಸರು ಕಲ್ಲಿದ್ದಲಿನ ಟಾರಿನ ಎಣ್ಣೆಗೂ ಅಂಟಿಕೊಂಡಿತು. ಈಗ ಮರಗೆಲಸದ ಮಾತಿನಲ್ಲಿ ಕ್ರಿಯೋಸೋಟ್ ಎಂದರೆ ಬಹುಮಟ್ಟಿಗೆ ಈ ಎರಡನೆಯದೇ. ಮರದಿಂದ ಬಂದದ್ದು ಔಷಧದ ಕಡೆಗೆ ಹೊರಳಿತು. ಜಪಾನಿನಲ್ಲಿ ಹೊಟ್ಟೆನೋವಿಗೆ ನುಂಗುವ ಸೇಯ್ರೊಗಾನ್ ಗುಳಿಗೆಯಲ್ಲಿ ಅದು ಇಂದಿಗೂ ಇದೆ.

ಕಲ್ಲಿದ್ದಲನ್ನು ಗಾಳಿ ಸೋಕದಂತೆ ಕಾಯಿಸಿದರೆ ಅನಿಲ, ಕೋಕ್ ಮತ್ತು ಟಾರು ದೊರೆಯುತ್ತವೆ. ಆ ಟಾರನ್ನು ಬಟ್ಟಿ ಇಳಿಸುವಾಗ ಸುಮಾರು 200ರಿಂದ 400 ಡಿಗ್ರಿ ಸೆಲ್ಸಿಯಸ್ ನಡುವೆ ಬರುವ ಭಾರವಾದ, ಕಂದುಗಪ್ಪು ಎಣ್ಣೆಯೇ ಕ್ರಿಯೋಸೋಟ್. ಇದರಲ್ಲಿ ನೂರಾರು ರಾಸಾಯನಿಕಗಳಿದ್ದು, ಸಿಂಹಪಾಲು ಉಂಗುರ ಉಂಗುರವಾಗಿ ಹೆಣೆದುಕೊಂಡ ಹೈಡ್ರೊಕಾರ್ಬನ್‌ಗಳದು. ನ್ಯಾಫ್ತಲೀನ್ ಅವುಗಳಲ್ಲಿ ಒಂದು. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯನ್ನು ನಮ್ಮವರು 'ಡಾಂಬರು ಗುಳಿಗೆ' ಎಂದು ಕರೆಯುವುದು ರಸಾಯನಶಾಸ್ತ್ರದ ಲೆಕ್ಕದಲ್ಲೂ ಸರಿಯಾದ ಮಾತೇ ಆಗಿದೆ.

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೀದಿದೀಪಕ್ಕಾಗಿ ಕಲ್ಲಿದ್ದಲಿನಿಂದ ಅನಿಲ ತಯಾರಿಸುತ್ತಿದ್ದುದರಿಂದ ಟಾರು ಯಾರಿಗೂ ಬೇಡದ ಕಸವಾಗಿ ರಾಶಿ ಬೀಳುತ್ತಿತ್ತು. ಅದೇ ಹೊತ್ತಿಗೆ ರೈಲು ಮಾರ್ಗಗಳು ಹಬ್ಬತೊಡಗಿ, ಹಳಿಗಳ ಕೆಳಗಿನ ಮರ ಕೆಲವೇ ವರ್ಷಗಳಲ್ಲಿ ಕೊಳೆಯುವುದು ದೊಡ್ಡ ತಲೆನೋವಾಗಿತ್ತು. ಈ ಎರಡು ತೊಡಕುಗಳನ್ನು ಒಂದಕ್ಕೊಂದು ಗಂಟುಹಾಕಿದ್ದು 1838ರಲ್ಲಿ ಜಾನ್ ಬೆಥೆಲ್ ಪಡೆದ ಪೇಟೆಂಟ್. ಅವನ ವಿಧಾನದ ಜಾಣ್ಮೆ ಎಣ್ಣೆಯಲ್ಲಿ ಇದ್ದದ್ದಕ್ಕಿಂತ ಅದನ್ನು ಮರದೊಳಕ್ಕೆ ಇಳಿಸಿದ ಕ್ರಮದಲ್ಲಿ ಹೆಚ್ಚಾಗಿತ್ತು. ಕುಂಚದಿಂದ ಬಳಿದರೆ ಎಣ್ಣೆ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಮರ ಒಂದು ಕಡೆ ಸೀಳಿದರೆ ಸಾಕು, ಶಿಲೀಂಧ್ರಕ್ಕೆ ದಾರಿ ಸಿಕ್ಕಂತೆಯೇ. ಆದ್ದರಿಂದ ಚೆನ್ನಾಗಿ ಒಣಗಿಸಿದ ಮರವನ್ನು ಉದ್ದನೆಯ ಉಕ್ಕಿನ ಉರುಳೆಯೊಳಗೆ ತುಂಬಿ, ಬಾಗಿಲು ಬಿಗಿದು, ಮೊದಲು ನಿರ್ವಾತ ಉಂಟುಮಾಡಿ ಮರದ ಕೋಶಗಳಲ್ಲಿದ್ದ ಗಾಳಿಯನ್ನು ಹೊರಗೆಳೆದು, ಆಮೇಲೆ ಬಿಸಿಮಾಡಿ ತೆಳುವಾಗಿಸಿದ ಎಣ್ಣೆಯನ್ನು ಬಿಟ್ಟು, ವಾತಾವರಣದ ಒತ್ತಡದ ಹಲವು ಪಟ್ಟು ಒತ್ತಡದಲ್ಲಿ ಗಂಟೆಗಟ್ಟಲೆ ಹಿಡಿದಿಡುತ್ತಾರೆ. ಹೀಗೆ ಮಾಡಿದಾಗ ಕೋಶಗಳೆಲ್ಲ ಎಣ್ಣೆಯಿಂದ ತುಂಬಿಕೊಳ್ಳುತ್ತವೆ. ಎಣ್ಣೆಯ ಖರ್ಚು ಹೆಚ್ಚಾದ್ದರಿಂದ 1902ರಲ್ಲಿ ಜರ್ಮನಿಯ ರೂಪಿಂಗ್ ಇನ್ನೊಂದು ಉಪಾಯ ಹೂಡಿದ: ಗಾಳಿಯನ್ನು ತೆಗೆಯುವ ಬದಲು ಮೊದಲೇ ಒತ್ತಿ ತುಂಬಿಸುವುದು, ಅದರ ಮೇಲೆ ಎಣ್ಣೆಯನ್ನು ಇನ್ನೂ ಹೆಚ್ಚಿನ ಒತ್ತಡದಲ್ಲಿ ಹಾಯಿಸುವುದು, ಒತ್ತಡ ಸಡಿಲಿಸಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಹೆಚ್ಚುವರಿ ಎಣ್ಣೆಯನ್ನು ತಾನೇ ಹೊರದೂಡುತ್ತದೆ, ಕೋಶದ ಗೋಡೆಗಳಲ್ಲಿ ಮಾತ್ರ ಲೇಪ ಉಳಿಯುತ್ತದೆ.

ಎಷ್ಟು ಒತ್ತಿದರೂ ಮರದ ನಡುವಿನ ಗಟ್ಟಿ ಭಾಗವಾದ ಚೇಗಿನೊಳಕ್ಕೆ ಎಣ್ಣೆ ಸುಲಭವಾಗಿ ಇಳಿಯುವುದಿಲ್ಲ, ಏಕೆಂದರೆ ಅಲ್ಲಿನ ನಾಳಗಳು ಬಹಳಷ್ಟು ಮರಗಳಲ್ಲಿ ಮುಚ್ಚಿಹೋಗಿರುತ್ತವೆ. ಹೊರವಲಯದ ಬಿಳಿ ಭಾಗವೇ ಎಣ್ಣೆ ಕುಡಿಯುವುದು, ಬೇಗ ಕೊಳೆಯುವುದೂ ಅದೇ. ಸಾಗುವಾನಿ, ಸಾಲ್ ಮುಂತಾದ ಮರಗಳ ಚೇಗು ತನ್ನಷ್ಟಕ್ಕೆ ಬಾಳುವುದರಿಂದ ಭಾರತದ ರೈಲ್ವೆಗಳು ಅವುಗಳನ್ನು ಹಾಗೆಯೇ ಹಾಸಿದವು, ಹಿಮಾಲಯದ ಚೀಡ್‌ನಂಥ ಮೆದು ಮರಗಳಿಗೆ ಮಾತ್ರ ಎಣ್ಣೆ ಬೇಕಾಯಿತು. ಪಂಜಾಬಿನಲ್ಲಿ ಬಿಯಾಸ್ ನದಿಯ ಪಕ್ಕದ ಧಿಲ್ವಾನ್‌ನಲ್ಲಿ 1920ರ ದಶಕದಲ್ಲಿ ಇದಕ್ಕಾಗಿಯೇ ಒಂದು ಕಾರ್ಖಾನೆ ಆರಂಭವಾಯಿತು. ತಂತಿ ಕಂಬ, ಸೇತುವೆ, ಬಂದರಿನ ಕಂಬಗಳಿಗೂ ಕ್ರಿಯೋಸೋಟ್ ಹೋಯಿತು. ಸಮುದ್ರದಲ್ಲಿ ಮರ ಕೊರೆಯುವ ಹಡಗುಹುಳು ಇದಕ್ಕೆ ಮಣಿದರೂ, ಬೆಚ್ಚನೆಯ ನೀರಿನ ಲಿಮ್ನೋರಿಯಾ ಎಂಬ ಪುಟ್ಟ ಜೀವಿಯ ಒಂದು ಜಾತಿ ಮಾತ್ರ ಲೆಕ್ಕಿಸದೆ ಕೊರೆಯುತ್ತದೆ.

ಕ್ರಿಯೋಸೋಟ್‌ಗೆ ನಿಜವಾದ ಪ್ರತಿಸ್ಪರ್ಧಿ ಹುಟ್ಟಿದ್ದು ನಮ್ಮ ದೇಶದಲ್ಲೇ ಎಂಬುದನ್ನು ಇಲ್ಲಿ ಹೇಳದೆ ಬಿಡಲಾಗದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್‌ಗಳ ಲವಣಗಳನ್ನು ನೀರಿನಲ್ಲಿ ಕರಗಿಸಿ 'ಆಸ್ಕು' ಎಂಬ ದ್ರಾವಣ ರೂಪಿಸಿದರು. ಘಾಟಿಲ್ಲ, ಅಂಟಿಲ್ಲ, ಮೇಲೆ ಬಣ್ಣವನ್ನೂ ಬಳಿಯಬಹುದು. ಹಾಗಾಗಿ ಅದು ಜಗತ್ತಿನಾದ್ಯಂತ ಹರಡಿತು. ಅದರ ಆರ್ಸೆನಿಕ್ ಮುಂದೆ ಅಮೆರಿಕದ ಮನೆ, ಆಟದ ಅಂಗಳಗಳಿಂದ ಅದನ್ನು ಹೊರಹಾಕಿತೆಂಬುದು ಬೇರೆ ಕಥೆ.

ಶಿಲೀಂಧ್ರಕ್ಕೂ ಗೆದ್ದಲಿಗೂ ಮರ ಎಂದರೆ ಊಟ, ಕ್ರಿಯೋಸೋಟ್ ಮಾಡುವುದು ಆ ಊಟಕ್ಕೆ ವಿಷ ಬೆರೆಸುವ ಕೆಲಸ. ನೀರಿನಲ್ಲಿ ಬಹುಮಟ್ಟಿಗೆ ಕರಗದೆ, ಬೇಗ ಆವಿಯಾಗದೆ ದಶಕಗಳ ಕಾಲ ಅಲ್ಲೇ ನಿಲ್ಲುವುದು ಅದರ ಹೆಚ್ಚುಗಾರಿಕೆ. ನಮಗೆ ಕೇಡು ತರುವುದೂ ಆ ನಿಲ್ಲುವಿಕೆಯೇ. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರು ಹಚ್ಚಿ ಕ್ಯಾನ್ಸರ್ ಬರುವುದನ್ನು ತೋರಿಸಿದರು. 1930ರ ದಶಕದಲ್ಲಿ ಲಂಡನ್ನಿನ ಸಂಶೋಧಕರು ಅದರಲ್ಲಿನ ಬೆಂಜೊಪೈರೀನ್ ಎಂಬ ಅಪರಾಧಿಯನ್ನು ಹಿಡಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ರಿಯೋಸೋಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ 2ಎ ಗುಂಪಿನಲ್ಲಿ ಇಟ್ಟಿದೆ. ಬಿಸಿಲಿನಲ್ಲಿ ಇದನ್ನು ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟಂತೆ ಉರಿಯುತ್ತದೆ. ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟದಲ್ಲಿ 2003ರಿಂದ ಇದನ್ನು ಸಾಮಾನ್ಯ ಜನರಿಗೆ ಮಾರುವಂತಿಲ್ಲ. ಹಳಿಗೂ ಕಂಬಕ್ಕೂ ಇದು ಮಾಡಿದ ಉಪಕಾರವನ್ನು ನಾನು ಹಳಿಯುವುದಿಲ್ಲ; ಸ್ಲೀಪರ್‌ನಿಂದ ಟೀಪಾಯಿ ಮಾಡಿಸಿ ನಡುಮನೆಯಲ್ಲಿ ಇಡುವ ಈಚಿನ ಶೋಕಿ ಮಾತ್ರ ನನಗೆ ಅರ್ಥವಾಗಿಲ್ಲ. ಉಳಿದ ಚೂರುಗಳನ್ನು ಬಚ್ಚಲೊಲೆಗೆ ತುರುಕುವುದು ಅದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ವಿಷವೆಲ್ಲ ಹೊಗೆಯಾಗಿ ಮನೆಯೊಳಗೇ ಸುತ್ತುತ್ತದೆ.

ಎರಡು ದಿನಗಳ ನಂತರ ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಪ್ರತಿ ಸ್ಲೀಪರ್‌ನ ತುದಿಯಿಂದ ಒಂದೊಂದು ಬಿಲ್ಲೆ ಕೊಯ್ದು ನೋಡಿದೆವು. ಒಂಬತ್ತರಲ್ಲಿ ಅಂಚಿನ ಸುತ್ತ ಕಪ್ಪು ಪಟ್ಟಿ, ನಡುವೆ ತಿಳಿ ಬಣ್ಣ. ಎಣ್ಣೆ ಎಲ್ಲಿಯವರೆಗೆ ಇಳಿದಿತ್ತೆಂಬುದು ಗೆರೆ ಎಳೆದಂತೆ ಕಾಣುತ್ತಿತ್ತು. ಉಳಿದ ಮೂರು ಒಳಗೆಲ್ಲ ಒಂದೇ ಬಣ್ಣದ, ಘಾಟೇ ಇಲ್ಲದ ಗಟ್ಟಿ ಮರ, ಹೊರಗಿನ ಕಪ್ಪು ಬರೀ ಕೊಳೆ. ಮಾವ ಆ ಮೂರನ್ನು ಹೆರೆಸಿ ಕೊಟ್ಟಿಗೆಯ ಕಂಬ ಮಾಡಿಸಿದರು. ಒಂಬತ್ತನ್ನು ಬಾವಿಯಿಂದಲೂ ತೋಟದ ಕಾಲುವೆಯಿಂದಲೂ ದೂರ, ಗೇಟಿನ ಹೊರಗಿನ ದಾರಿಯ ತಿರುವಿನಲ್ಲಿ ಮಣ್ಣು ಕುಸಿಯದಂತೆ ಅಡ್ಡ ಹಾಕಿಸಿದರು. ಗೋದಲಿಗೆ ಹಲಸಿನ ಹಲಗೆ ಬಂತು. ಕಂಬಗಳ ಬುಡಕ್ಕೆ ಕರಾವಳಿಯವರು ದೋಣಿಗೆ ಹಚ್ಚುವ ಗೇರುಸಿಪ್ಪೆಯ ಎಣ್ಣೆಯನ್ನು ಬಳಿದರು. ಅದೂ ಕೈಗೆ ತಾಗಿದರೆ ಬೊಬ್ಬೆ ಎಬ್ಬಿಸುವಂಥದ್ದೇ ಆದ್ದರಿಂದ, ದನಗಳ ನಾಲಿಗೆ ಎಟುಕದಷ್ಟು ಕೆಳಗೆ, ಮಣ್ಣಿನಲ್ಲಿ ಹೂತುಹೋಗುವ ಭಾಗಕ್ಕೆ ಮಾತ್ರ.