ಟೆಕ್ಸಾಸಿನ ಕರಕಿ, ಧಾರವಾಡದ ಕಾಕಾ

ಹೋದ ತಿಂಗಳು ಧಾರವಾಡದಿಂದ ಕಾಕಾ ಫೋನ್ ಮಾಡಿದ್ದರು. ರಿಟೈರ್ ಆದ ಮೇಲೆ ಕೆಲಗೇರಿ ಕಡೆ ಮನೆ ಕಟ್ಟಿಸಿದ್ದಾರೆ. ಮುಂದೆ ಒಂದಿಷ್ಟು ಜಾಗ ಬಿಟ್ಟು ಲಾನ್ ಹಾಕಿಸಿದ್ದಾರೆ. ಮಳೆ ಹಿಡಿದ ಮೇಲೆ ಅದು ಮೊಣಕಾಲಿಗೆ ಬಂದಿದೆಯಂತೆ.

"ತಮ್ಮಾ, ನೀ ಅಲ್ಲೆ ದಿನಾ ಹುಲ್ಲ ಕತ್ತರಸ್ತಿ ಅಂತ ವೈನಿ ಹೇಳ್ತಿದ್ರು. ಯಾವ ಮಷಿನ್ ಚಲೋ? ಒಂದ ಮಾತು ಹೇಳು, ತಗೊಂಡಬಿಡ್ತೇನಿ."

ದಿನಾ ಅಲ್ಲ, ವಾರಕ್ಕೊಮ್ಮೆ. ಅವ್ವ ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳಿರುತ್ತಾಳೆ. ಆದರೆ ಒಂದು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ ಇದು. ಹನ್ನೊಂದು ವರ್ಷದಲ್ಲಿ ಮೂರು ಮಷಿನ್ ನೋಡಿದವನು ನಾನು. ಮುಕ್ಕಾಲು ಗಂಟೆ ಮಾತಾಡಿದೆ. ಆ ಕಡೆ ಕಾಕು "ಊಟಕ್ಕ ಬರ್ರಿ" ಅಂತ ಮೂರು ಸಲ ಕರೆದದ್ದು ಕೇಳಿಸಿತು. ಅವತ್ತು ಹೇಳಿದ್ದನ್ನೇ, ಅವಸರದಲ್ಲಿ ಬಿಟ್ಟುಹೋದದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಡಲ್ಲಾಸ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಮನೆ ತಗೊಂಡರೆ ಅದರ ಜೊತೆ ಹುಲ್ಲೂ ನಿಮ್ಮ ಕೊರಳಿಗೆ ಬೀಳುತ್ತದೆ. ಹುಲ್ಲು ಜಾಸ್ತಿ ಬೆಳೆದರೆ ಬಡಾವಣೆಯ ಸಂಘದಿಂದ ಕಾಗದ ಬರುತ್ತದೆ. ನನಗೆ ಎರಡನೇ ತಿಂಗಳಲ್ಲೇ ಬಂತು, ಫೋಟೋ ಸಮೇತ. ಹತ್ತು ದಿನದೊಳಗೆ ಕತ್ತರಿಸಬೇಕು, ಇಲ್ಲದಿದ್ದರೆ ದಂಡ. ನಮ್ಮ ಅಣ್ಣಿಗೇರಿ ಕಡೆ ಹಿತ್ತಲಲ್ಲಿ ಹುಲ್ಲು ಬೆಳೆದರೆ ಯಾರದೋ ಎಮ್ಮಿ ಬಂದು ಮೇಯ್ದುಕೊಂಡು ಹೋಗುತ್ತದೆ. ಯಾರೂ ಕಾಗದ ಬರೆಯುವುದಿಲ್ಲ.

ಗಡಿಬಿಡಿಯಲ್ಲಿ ಮೊದಲ ಮಷಿನ್ ತಂದೆ. ಯಾರೋ ಮನೆ ಖಾಲಿ ಮಾಡುತ್ತಾ ಗ್ಯಾರೇಜಿನ ಮುಂದೆ ಇಟ್ಟು ಮಾರುತ್ತಿದ್ದರು. ಪೆಟ್ರೋಲ್ ಮಷಿನ್, 21 ಇಂಚಿನ ಬ್ಲೇಡು, 60 ಡಾಲರ್. ಭಾರೀ ಸೋವಿ ಸಿಕ್ಕಿತು ಅಂತ ಖುಷಿಯಾಗಿತ್ತು.

ಒಂದು ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ಹಸಿ ಹುಲ್ಲಿನ ಮೇಲೇ ಓಡಿಸಿದೆ. ಅರ್ಧಕ್ಕೆ ಗುರ್ ಅಂದು ನಿಂತಿತು. ಒಳಗೆ ಬ್ಲೇಡಿನ ಸುತ್ತ ಹುಲ್ಲು ಅರೆದ ಚಟ್ನಿಯ ಹಾಗೆ ಮೆತ್ತಿಕೊಂಡಿತ್ತು. ಕೈ ಹಾಕುವ ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರ್ ಕಿತ್ತಿಟ್ಟೆ, ಅಷ್ಟು ಬುದ್ಧಿ ಇತ್ತು. ಬ್ಲೇಡನ್ನು ಕೈಯಿಂದ ತಿರುಗಿಸಿದರೂ ಎಂಜಿನ್ ಹೊತ್ತಿಕೊಳ್ಳಬಹುದು, ಬೆರಳು ಹೋಗುವುದು ಹಾಗೇ. ಆದರೆ ಮಷಿನ್ ಮಲಗಿಸುವಾಗ ತಪ್ಪು ಮಾಡಿದೆ. ಯಾವ ಮಗ್ಗುಲಿಗೆ ಮಲಗಿಸಿದೆ? ಕೈಗೆ ಬಂದ ಮಗ್ಗುಲಿಗೆ. ಏರ್ ಫಿಲ್ಟರ್ ಇರುವ ಕಡೆ ಮೇಲೆ ಬರಬೇಕಿತ್ತು, ಕೆಳಗಾಯಿತು. ಎಂಜಿನ್ನಿನ ಆಯಿಲ್ ಮೆಲ್ಲಗೆ ಫಿಲ್ಟರಿಗೂ ಸಿಲಿಂಡರಿಗೂ ಇಳಿಯಿತು. ನಾನು ಹಾಡು ಗುನುಗುತ್ತಾ ಹುಲ್ಲು ಕೆರೆಯುತ್ತಿದ್ದೆ.

ಎತ್ತಿ ನಿಲ್ಲಿಸಿ ಹಗ್ಗ ಎಳೆದೆ. ಐದು ಸಲ ಏನೂ ಇಲ್ಲ. ಆರನೇ ಸಲಕ್ಕೆ ಹೊತ್ತಿತು. ಆಮೇಲೆ ಬಂತು ನೋಡಿ ಬಿಳಿ ಹೊಗೆ. ಹಸಿ ಸೌದೆ ಒಲೆಗೆ ಹಾಕಿದ ಹಾಗೆ. ನನ್ನ ಕೈ ನನಗೇ ಕಾಣಿಸಲಿಲ್ಲ. ಎದುರು ಮನೆಯ ಅಜ್ಜಿ ಫೋನ್ ಹಿಡಿದುಕೊಂಡೇ ಹೊರಗೆ ಬಂದರು, ಫೈರ್ ಎಂಜಿನ್ ಕರೆಸಲೇನು ಅಂತ ಕೇಳುತ್ತಾ. ಅವರ ಜೊತೆ ನನ್ನ ಪರಿಚಯ ಆದದ್ದು ಹಾಗೆ.

ಆ ಮಷಿನ್ ಸತ್ತದ್ದು ಮಾತ್ರ ಹೊಗೆಯಿಂದ ಅಲ್ಲ, ಸೋಮಾರಿತನದಿಂದ. ಚಳಿಗಾಲದಲ್ಲಿ ಇಲ್ಲಿನ ಹುಲ್ಲು ಒಣಗಿ ಕಣಿಕೆಯ ಬಣ್ಣಕ್ಕೆ ಬಂದು ಮಲಗಿಬಿಡುತ್ತದೆ. ನವೆಂಬರಿನಿಂದ ಮಾರ್ಚ್ ತನಕ ಮಷಿನ್ ಮುಟ್ಟುವ ಕೆಲಸ ಇಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಟ್ಟಿದ್ದೆ. ಇಲ್ಲಿನ ಪೆಟ್ರೋಲಿನಲ್ಲಿ 10 ಪರ್ಸೆಂಟ್ ಎಥೆನಾಲ್ ಇರುತ್ತದೆ. ಅದು ಗಾಳಿಯಲ್ಲಿರುವ ನೀರು ಹೀರುತ್ತದೆ, ಪೆಟ್ರೋಲ್ ಹಳಸಿ ಕಾರ್ಬ್ಯುರೇಟರಿನ ಸಣ್ಣ ತೂತಿನಲ್ಲಿ ಅಂಟು ಕಟ್ಟುತ್ತದೆ. ಏಪ್ರಿಲಿನಲ್ಲಿ ಹಗ್ಗ ಎಳೆದೂ ಎಳೆದೂ ರಟ್ಟೆ ಬಿದ್ದುಹೋಯಿತು. ರಿಪೇರಿಯವನು 90 ಡಾಲರ್ ಕೇಳಿದ, 60 ಡಾಲರಿನ ಮಷಿನ್ನಿಗೆ.

ಇದನ್ನು ಕಾಕಾಗೆ ಒತ್ತಿ ಹೇಳಿದೆ, ಯಾಕಂದರೆ ಈಗ ನಮ್ಮ ಕಡೆ ಬಂಕಿನಲ್ಲಿ ಸಿಗುವುದು 20 ಪರ್ಸೆಂಟಿನದು. ಹುಲ್ಲಿನ ಮಷಿನ್ನಿನ ಸಣ್ಣ ಎಂಜಿನ್ನುಗಳ ಪುಸ್ತಕದಲ್ಲಿ ಹೆಚ್ಚಾಗಿ 10ಕ್ಕಿಂತ ಜಾಸ್ತಿ ಬೇಡ ಅಂತಲೇ ಬರೆದಿರುತ್ತದೆ. ತಗೊಳ್ಳುವ ಮೊದಲೇ ಅಂಗಡಿಯವನನ್ನು ಕೇಳಬೇಕು. ಕೆಲಸ ಇಲ್ಲದ ತಿಂಗಳಲ್ಲಿ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ಆರುವ ತನಕ ಓಡಿಸಿಡಬೇಕು.

ಎರಡನೆಯದು ಬ್ಯಾಟರಿಯದು, 56 ವೋಲ್ಟ್. ಗುಂಡಿ ಒತ್ತಿದರೆ ಶುರು. ಹೊಗೆ ಇಲ್ಲ, ಹಗ್ಗ ಇಲ್ಲ, ಭಾನುವಾರ ಬೆಳಿಗ್ಗೆ ಓಡಿಸಿದರೂ ಓಣಿಯವರು ಏಳುವುದಿಲ್ಲ. ಅದರ ಒಂದೇ ತಕರಾರು ಬಿಸಿಲು. ಇಲ್ಲಿ ಜುಲೈ, ಆಗಸ್ಟಿನಲ್ಲಿ 40 ಡಿಗ್ರಿ ಹತ್ತಿರ ಹೋಗುತ್ತದೆ. ಅಂಥ ದಿನ ಹುಲ್ಲು ಹೊಡೆದು ಬಿಸಿ ಬ್ಯಾಟರಿಯನ್ನು ಚಾರ್ಜರಿಗೆ ಹಾಕಿದರೆ, ಅದು ತಣ್ಣಗಾಗುವ ತನಕ ಚಾರ್ಜ್ ಮಾಡುವುದೇ ಇಲ್ಲ. ಅರ್ಧ ಅಂಗಳ ಕತ್ತರಿಸಿ, ಅರ್ಧ ಹಾಗೇ ಬಿಟ್ಟು, ಮಜ್ಜಿಗೆ ಕುಡಿಯುತ್ತಾ ಕೂತ ದಿನ ಎಷ್ಟೋ. ಆದರೂ ಹಿಂದಿನ ಅಂಗಳಕ್ಕೆ ಇವತ್ತಿಗೂ ಅದೇ.

ಮೂರನೆಯದು ಬಂದದ್ದು ಅಪ್ಪ ಬಂದಾಗ.

ಅಪ್ಪ ಜುಲೈನಲ್ಲಿ ಬಂದಿದ್ದರು, ಮೂರು ತಿಂಗಳಿಗೆ. ಬಂದ ಮರುದಿನ ಬೆಳಿಗ್ಗೆ ಚಹಾ ಕಪ್ಪು ಹಿಡಿದುಕೊಂಡು ಅಂಗಳಕ್ಕೆ ಇಳಿದರು. ಬೇಲಿಯ ಹತ್ತಿರ ಬಗ್ಗಿದರು. ಒಂದು ಬಳ್ಳಿ ಹಿಡಿದು ಜಗ್ಗಿದರು. ಅದು ಗೆಣ್ಣು ಗೆಣ್ಣಾಗಿ ಕಿತ್ತುಕೊಂಡು ಬಂತು. ಎರಡು ಬೆರಳಲ್ಲಿ ಹೊರಳಿಸಿ ನೋಡಿದರು.

"ಇದು ಕರಕಿ ಅಲ್ಲೇನೋ?"

"ಇಲ್ಲೆ ಬರ್ಮುಡಾ ಗ್ರಾಸ್ ಅಂತಾರ್ ಅಪ್ಪಾ."

"ಅವರು ಏನರ ಅನ್ಲಿ. ಇದು ಕರಕಿ. ಇದಕ್ಕ ರೊಕ್ಕ ಕೊಟ್ಟು ನೀರ ಹಾಕ್ತೀಯೇನು?"

ಹೌದು, ಕರಕಿಯೇ. ಗಣಪತಿಗೆ ಏರಿಸುವ ಗರಿಕೆ. ಸಸ್ಯಶಾಸ್ತ್ರದವರು ಸೈನೊಡಾನ್ ಡ್ಯಾಕ್ಟಿಲಾನ್ ಅನ್ನುವುದು ಇದಕ್ಕೇ. ನಮ್ಮ ಮುಂದಿನ ಅಂಗಳದ್ದು ಟಿಫ್‌ವೇ 419 ಅನ್ನುವ ಮಿಶ್ರತಳಿ. ಕರಕಿಯನ್ನು ಅದರ ಆಫ್ರಿಕಾದ ದಾಯಾದಿಯ ಜೊತೆ ಕೂಡಿಸಿ ಜಾರ್ಜಿಯಾದ ಟಿಫ್ಟನ್ ಅನ್ನುವ ಊರಿನಲ್ಲಿ ಮಾಡಿದ್ದು, 1960ರಲ್ಲಿ ಹೊರಬಂತು. ಹಿಂದಿನ ಅಂಗಳದ್ದು ಮಾತ್ರ ಅಪ್ಪಟ ನಾಡ ಕರಕಿ.

ಅಪ್ಪನ ಸಿಟ್ಟು ನನಗೆ ಅರ್ಥವಾಗುತ್ತದೆ. ಎರಿ ಹೊಲದಲ್ಲಿ ಕರಕಿ ಬಿದ್ದರೆ ಆ ಹೊಲ ಕೈಬಿಟ್ಟ ಹಾಗೆ. ಬ್ಯಾಸಗಿಯಲ್ಲಿ ಆಳವಾಗಿ ರೆಂಟಿ ಹೊಡೆದು, ಹೆಂಟಿ ಒಡೆದು, ಬೇರು ಆರಿಸಿ ಬದುವಿನ ಮೇಲೆ ಒಣಗಿಸಿ ಸುಡಬೇಕು. ಒಂದು ಗೆಣ್ಣು ಉಳಿದರೂ ಮಳೆಗೆ ಮತ್ತೆ ಹಾಜರು. ನಾನು ಸಣ್ಣವನಿದ್ದಾಗ ಸೂಟಿಯಲ್ಲಿ ಇದೇ ಕೆಲಸ. ಅಂಗೈಯಲ್ಲಿ ಗುಳ್ಳೆ.

ಇನ್ನೊಂದು ವಿಷಯ ಅವರು ಆಗಸ್ಟಿನಲ್ಲಿ ಕಂಡುಹಿಡಿದರು. ನೀರು ಬೀಳದ ಮೂಲೆಯಲ್ಲಿ ನೆಲ ಬಾಯಿಬಿಟ್ಟಿತ್ತು. ಅಪ್ಪ ಆ ಬಿರುಕಿಗೆ ಕೈ ಇಳಿಸಿದರು. ಮಣಿಕಟ್ಟಿನ ತನಕ ಹೋಯಿತು. "ಎರಿ ಭೂಮಿ!" ಅಂದರು, ಸಂತೆಯಲ್ಲಿ ಬೀಗರು ಸಿಕ್ಕವರ ಹಾಗೆ. ಡಲ್ಲಾಸಿನ ಸುತ್ತ ಕಪ್ಪು ಜಿಗುಟು ಮಣ್ಣು, ಹಿಂದೆ ಹತ್ತಿಗೆ ಹೆಸರಾದ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮನೆಯ ಬುನಾದಿ ಅಲುಗಬಾರದು ಅಂತ ಇಲ್ಲಿ ಗೋಡೆಯ ಬುಡಕ್ಕೆ ತೂತಿನ ಪೈಪು ಹಾಕಿ ಜಿನುಗಿಸುತ್ತಾರೆ. ಮನೆಗೆ ನೀರು ಹಾಕುವುದನ್ನು ನೋಡಿ ಅಪ್ಪ ಎರಡು ದಿನ ನಕ್ಕರು.

ಅಂಗಡಿಗೆ ಕರೆದುಕೊಂಡು ಹೋದಾಗ ಅವರ ಕಣ್ಣು ಬಿದ್ದದ್ದು ಮೂಲೆಯಲ್ಲಿದ್ದ ರೀಲ್ ಮಷಿನ್ ಮೇಲೆ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ. ಎರಡು ಗಾಲಿ, ನಡುವೆ ತಿರುಚಿದ ಅಲಗುಗಳ ಉರುಳೆ, ಉದ್ದ ಹಿಡಿಕೆ. ತಳ್ಳಿದರೆ ಉರುಳೆ ತಿರುಗುತ್ತದೆ, ಕೆಳಗಿನ ಅಡ್ಡ ಪಟ್ಟಿಗೆ ತಾಗಿ ಹುಲ್ಲು ಕತ್ತರಿಸುತ್ತದೆ. ಮೊಟ್ಟಮೊದಲ ಹುಲ್ಲಿನ ಮಷಿನ್ ಇಂಥದ್ದೇ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ ಅನ್ನುವವನು ಮಾಡಿದ್ದು. ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲೆ ಎದ್ದ ಎಳೆಗಳನ್ನು ಸವರುವ ಯಂತ್ರ ನೋಡಿ ಅವನಿಗೆ ಹೊಳೆಯಿತಂತೆ. ಅವ್ವನ ತವರು ಬೆಟಗೇರಿ, ಮಗ್ಗದ ಮನೆ. ಇದನ್ನು ಹೇಳಿದಾಗ ಫೋನಿನಲ್ಲಿ ಅವಳಿಗೆ ಖುಷಿಯೋ ಖುಷಿ.

ರೀಲ್ ಅಂದರೆ ದರ್ಜಿಯ ಕತ್ತರಿ. ಎರಡು ಅಲಗಿನ ನಡುವೆ ಹುಲ್ಲು ಸಿಕ್ಕಿ ಕತ್ತರಿಸುತ್ತದೆ. ಪೆಟ್ರೋಲ್, ಬ್ಯಾಟರಿ ಮಷಿನ್ನಿನ ರೋಟರಿ ಬ್ಲೇಡು ಅಂದರೆ ಕುಡಗೋಲು ಬೀಸಿದ ಹಾಗೆ, ಬರೀ ವೇಗದಿಂದ ಹೊಡೆಯುತ್ತದೆ. ಲೆಕ್ಕ ಹಾಕಿ ನೋಡಿ. 21 ಇಂಚಿನ ಬ್ಲೇಡು ನಿಮಿಷಕ್ಕೆ 3000 ಸುತ್ತು ತಿರುಗಿದರೆ ಅದರ ತುದಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿರುತ್ತದೆ. ಒಂದು ಹರಳು ಸಿಕ್ಕರೆ ಗುಂಡು ಹಾರಿದ ಹಾಗೆ. ಹಿಡಿಕೆಯ ಲಿವರ್ ಬಿಟ್ಟರೆ 3 ಸೆಕೆಂಡಿನಲ್ಲಿ ಬ್ಲೇಡು ನಿಲ್ಲಬೇಕು ಅಂತ ಇಲ್ಲಿ 1982ರಿಂದ ನಿಯಮ ಇದೆ. ಅಂಥ ಲಿವರ್ ಇಲ್ಲದ ಮಷಿನ್ ಅಗ್ಗ ಅಂತ ತಗೊಳ್ಳಬೇಡಿ. ಚಪ್ಪಲಿ ಹಾಕಿಕೊಂಡಂತೂ ಓಡಿಸಲೇಬೇಡಿ.

ರೀಲಿನಲ್ಲಿ 5 ಅಲಗಿನದು, 7 ಅಲಗಿನದು ಬರುತ್ತದೆ. ಕರಕಿ ಒತ್ತೊತ್ತಾಗಿ ಬೆಳೆಯುತ್ತದೆ, ಒಂದರಿಂದ ಎರಡು ಇಂಚಿಗೆ ಕತ್ತರಿಸಿದರೆ ಚಂದ. ಅದಕ್ಕೆ 7 ಅಲಗಿನದು ನುಣ್ಣಗೆ ಹೊಡೆಯುತ್ತದೆ, ತಳ್ಳಲು ಮಾತ್ರ ಸ್ವಲ್ಪ ಬಿಗಿ. ಅದನ್ನೇ ತಂದೆವು. ಅಪ್ಪ ಧೋತರ ಮೇಲೆ ಕಟ್ಟಿ, ನನ್ನ ಬೂಟು ಹಾಕಿಕೊಂಡು, ಎಡಿ ಹೊಡೆದಂತೆ ಸಾಲು ಹಿಡಿದು ಹೊರಟರು. ಒಂದು ಸಾಲೂ ಡೊಂಕಿಲ್ಲ. ತುದಿಗೆ ಹೋದಾಗ ಬಾಯಿಂದ ತಾನಾಗಿ "ಹೋ, ತಿರಗ" ಬಂತು. ನಾನು ಕೇಳದವನ ಹಾಗೆ ನಿಂತೆ.

ಗಣಪತಿ ಹಬ್ಬದ ಹಿಂದಿನ ದಿನ ಮನೆ ಚಂದ ಕಾಣಲಿ ಅಂತ ಹಿಂದೆ ಮುಂದೆ ಎರಡೂ ಕಡೆ ನಾನೇ ಹುಲ್ಲು ಹೊಡೆದೆ. ಬೆಳಿಗ್ಗೆ ನನ್ನ ಹೆಂಡತಿ ತಟ್ಟೆ ಹಿಡಿದು ಕರಕಿ ತರಲು ಹೋದಳು. ಬರಿಗೈಯಲ್ಲಿ ಬಂದಳು. ಕಾಲ ಕೆಳಗೆಲ್ಲ ಕರಕಿ, ಆದರೆ ಪೂಜೆಗೆ ಬೇಕಾದದ್ದು ಮೂರೆಲೆಯ ಕುಡಿ. ಕುಡಿಯನ್ನೆಲ್ಲ ನಾನು ಸವರಿಬಿಟ್ಟಿದ್ದೆ. 21 ಬೇಕು, ಒಂದೂ ಇಲ್ಲ. ಕೊನೆಗೆ ಅಪ್ಪ ಮನೆ ಹಿಂದೆ ಎಸಿ ಡಬ್ಬದ ಬುಡದಲ್ಲಿ, ಮಷಿನ್ ತಲುಪದ ಸಂದಿಯಲ್ಲಿ ಕೂತು ಆರಿಸಿದರು. ಜನ್ಮ ಎಲ್ಲ ಕರಕಿ ಕಿತ್ತವರಿಗೆ ಇಪ್ಪತ್ತೊಂದು ಯಾವ ಲೆಕ್ಕ! ಆವತ್ತಿನಿಂದ ಹಿತ್ತಲ ಬೇಲಿಗುಂಟ ಒಂದು ಮೊಳ ಅಗಲ ಹಬ್ಬದ ತನಕ ಬಿಟ್ಟಿರುತ್ತೇನೆ. ಕಳೆನಾಶಕವನ್ನೂ ಆ ಕಡೆ ಸಿಂಪಡಿಸುವುದಿಲ್ಲ.

ಇಷ್ಟೆಲ್ಲ ಕೇಳಿ ಕಾಕಾ ಅಂದರು, "ಹಂಗಾರ ನಾ ಏನ ತಗೋಬೇಕೋ?"

ಮೊದಲು ನಿಮ್ಮಲ್ಲಿರುವುದು ಯಾವ ಹುಲ್ಲು ನೋಡ್ರಿ ಅಂದೆ. ಫೋಟೋ ಕಳಿಸಿದರು. ಅದೂ ಕರಕಿ. ಜಾಗ ಸಣ್ಣದು, ಮಟ್ಟಸ ಇದೆ. ಹಾಗಾದರೆ ರೀಲ್ ಸಾಕು. ವೈರ್ ಎಳೆದುಕೊಂಡು ಓಡಿಸುವ ಕರೆಂಟಿನದು ಸೋವಿ ಸಿಗುತ್ತದೆ, ಆದರೆ ಧಾರವಾಡದ ಮಳೆಯಲ್ಲಿ, ಹಸಿ ನೆಲದಲ್ಲಿ, ವೈರಿನ ಮೇಲೇ ಬ್ಲೇಡು ಹೋದರೆ? ನನಗೆ ಧೈರ್ಯ ಇಲ್ಲ. ಆದರೆ ರೀಲಿಗೆ ಮೊಣಕಾಲೆತ್ತರದ ಹುಲ್ಲು ಆಗುವುದಿಲ್ಲ, ಕತ್ತರಿಸದೆ ಮಲಗಿಸಿಬಿಡುತ್ತದೆ. ಮೊದಲು ಬ್ರಷ್ ಕಟರಿನವನನ್ನು ಕರೆಸಿ ಅರ್ಧಕ್ಕೆ ಇಳಿಸಿ. ಆಮೇಲೆ ಪ್ರತಿ ಸಲ ಎತ್ತರದ ಮೂರನೇ ಒಂದು ಪಾಲು ಮಾತ್ರ. ಒಂದೇ ಏಟಿಗೆ ಬೋಳಿಸಿದರೆ ಬೇರು ಸೊರಗುತ್ತದೆ. ಮಳೆಗಾಲದಲ್ಲಿ ವಾರ ತಪ್ಪಿಸುವ ಹಾಗಿಲ್ಲ.

ಕತ್ತರಿಸಿದ ಹುಲ್ಲನ್ನು ನಾನು ಇಲ್ಲಿ ಅಲ್ಲೇ ಬಿಡುತ್ತೇನೆ. ಅದು ಕೊಳೆತು ಗೊಬ್ಬರವಾಗುತ್ತದೆ. ಕಾಕಾನ ಹಿಂದಿನ ಓಣಿಯಲ್ಲಿ ಎಮ್ಮಿ ಕಟ್ಟಿದವರು ಇದ್ದಾರೆ, ಅವರು ಈಗಾಗಲೇ ಚೀಲ ತಂದು ಕೇಳಿ ಹೋಗಿದ್ದಾರಂತೆ. ಕೊಡಿ, ಆದರೆ ಔಷಧ ಹೊಡೆದ ಹುಲ್ಲು ಮಾತ್ರ ಕೊಡಬೇಡಿ ಅಂದೆ.

ಮೊನ್ನೆ ಹುಬ್ಬಳ್ಳಿಗೆ ಹೋಗಿ ರೀಲ್ ತಂದಿದ್ದಾರೆ. ಅಲಗು ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಒಂದು ಉಪಾಯ ಹೇಳಿಕೊಟ್ಟಿದ್ದೆ. ದಿನಪತ್ರಿಕೆಯ ಒಂದು ಚೂರು ಉರುಳೆ ಮತ್ತು ಪಟ್ಟಿಯ ನಡುವೆ ಇಟ್ಟು, ಬೆರಳು ದೂರ ಇಟ್ಟುಕೊಂಡು, ಉರುಳೆಯನ್ನು ಮೆಲ್ಲಗೆ ತಿರುಗಿಸಬೇಕು. ಉದ್ದಕ್ಕೂ ಎಲ್ಲಿ ಇಟ್ಟರೂ ಕಾಗದ ಕತ್ತರಿಸಬೇಕು. ನಿನ್ನೆ ರಾತ್ರಿ ಕಾಕಾನ ಫೋನ್. ಎಡಗಡೆ ಕತ್ತರಿಸುತ್ತದೆ, ಬಲಗಡೆ ಸುಮ್ನೆ ಮಡಚುತ್ತದೆ. ಬಲಗಡೆಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡ್ರಿ, ಜಾಸ್ತಿ ಬ್ಯಾಡ ಅಂದಿದ್ದೇನೆ. ಕಾಕು ಹಿಂದಿನಿಂದ ಕೂಗುತ್ತಿದ್ದರು, ಇವತ್ತಿನ ಪೇಪರ್ ನಾ ಇನ್ನೂ ಓದಿಲ್ರಿ ಅಂತ.