ಹಸದೇವ್ ಕಾಡಿನ ಅಂಚಿನಲ್ಲಿ ಒಂದು ಠರಾವಿನ ಪುಸ್ತಕ

ರಾಯಪುರದಲ್ಲಿ ಕಳೆದ ಎರಡು ದಿನಗಳನ್ನೂ ಅಂಬಿಕಾಪುರದ ರಾತ್ರಿ ರೈಲಿನಲ್ಲಿ ನಿದ್ದೆಗೆಟ್ಟದ್ದನ್ನೂ ಇಲ್ಲಿ ಬರೆಯುವುದಿಲ್ಲ. 2023ರ ಮಾರ್ಚ್ ಕೊನೆಯಲ್ಲಿ ಛತ್ತೀಸಗಡದ ಸರ್ಗುಜಾ ಜಿಲ್ಲೆಯ ಹರಿಹರಪುರದಲ್ಲಿ ಕಂಡ ಒಂದು ನಸುಕು ಮತ್ತು ಕೇಳಿದ ಒಂದು ಮಾತುಕತೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಸುಮಾರು 1,70,000 ಹೆಕ್ಟೇರ್ ಹರಡಿಕೊಂಡಿರುವ ಹಸದೇವ್ ಅರಂಡ್ ಕಾಡಿಗೆ ಒತ್ತಿಕೊಂಡಿರುವ ಊರು ಅದು. ಕಾಡಿನ ಅಡಿಯಲ್ಲಿ ಕಲ್ಲಿದ್ದಲಿದೆ; ತಗಾದೆಯ ಮೂಲವೂ ಅದೇ.

ಅಂಬಿಕಾಪುರದಲ್ಲಿ ಗೊತ್ತುಮಾಡಿದ ಜೀಪಿನವನು ಹೋಗಿಬರುವ ಬಾಡಿಗೆಯನ್ನು ಪೂರ್ತಿ ಮುಂಗಡ ಪಡೆದು, ಉದಯಪುರ ದಾಟಿದ ಮೇಲೆ ಗಣಿಯ ಲಾರಿಗಳು ತಿರುಗುವ ಜಾಗದಲ್ಲಿ ನನ್ನನ್ನು ಇಳಿಸಿ, ಮುಂದೆ ಗಾಡಿ ಬರುವುದಿಲ್ಲವೆಂದು ಹೇಳಿ ಹೊರಟೇಹೋದ. ಅಲ್ಲಿಗೆ ಹೋಗುವವರು ಅರ್ಧಕ್ಕಿಂತ ಹೆಚ್ಚು ಹಣವನ್ನು ಮೊದಲೇ ಕೊಡಬಾರದು. ಯಾವ ಊರಿನ ಯಾವ ಮನೆಯ ಬಾಗಿಲವರೆಗೆ ಎಂಬುದನ್ನೂ ಮಾತಿನಲ್ಲಿ ಸೇರಿಸಿಕೊಳ್ಳಬೇಕು. ಉಳಿದ ದಾರಿಯನ್ನು ಧೂಳು ಕುಡಿಯುತ್ತ ನಡೆದೆ.

ಮರುದಿನ ನಸುಕಿನ ನಾಲ್ಕು ಗಂಟೆಗೆ, ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ಬುಟ್ಟಿ ಹಿಡಿದು ಹೊರಟಾಗ ನಾನೂ ಹಿಂದೆಯೇ ಹೋದೆ. ಅಲ್ಲಿ ಹಿರಿಯ ಹೆಂಗಸರನ್ನು 'ದಾಯಿ' ಎನ್ನುತ್ತಾರೆ. ಹಿಪ್ಪೆ ಮರದ ಬುಡವನ್ನು ಮೊದಲೇ ಗುಡಿಸಿ ಹಸನುಮಾಡಿದ್ದರು. ಕತ್ತಲಲ್ಲಿ ಹೂವು ಉದುರುವ ಸದ್ದು ದೊಡ್ಡ ಹನಿಯ ಮಳೆ ಶುರುವಾದಂತೆ ಕೇಳುತ್ತಿತ್ತು. ಬೆಳ್ಳಗೆ, ದಪ್ಪಗೆ, ಬೆರಳಿಗೆ ಅಂಟುವ ಆ ಹೂವಿನ ಸಿಹಿ ವಾಸನೆ ನನಗೆ ಮೊದಮೊದಲು ಹಿತವಾಗಿ, ಗಂಟೆ ಕಳೆಯುವುದರೊಳಗೆ ತಲೆನೋವು ತಂದಿತು. ಒಣಗಿದರೆ ಒಣದ್ರಾಕ್ಷಿಯ ಬಣ್ಣಕ್ಕೆ ತಿರುಗುತ್ತದೆ, ಸಂತೆಗೆ ಹೋಗುತ್ತದೆ. ಯಾವ ಮರದ ಹೂವು ಯಾವ ಮನೆಯವರದು ಎಂಬುದು ಎಲ್ಲರಿಗೂ ಗೊತ್ತು, ಆದರೆ ಯಾವ ಕಾಗದದಲ್ಲಿಯೂ ಇಲ್ಲ. ಗಣಿಗೆ ಹೋಗುವ ಗದ್ದೆಗೆ ಪರಿಹಾರ ಸಿಕ್ಕರೂ ಈ ಮರಕ್ಕೆ ಏನು ಲೆಕ್ಕ ಎಂದು ಕೇಳಿದ್ದಕ್ಕೆ ದಾಯಿ ಉತ್ತರ ಕೊಡದೆ, ನಾನು ಕಾಲಿಟ್ಟು ತುಳಿದಿದ್ದ ಹೂವುಗಳನ್ನು ಬೇರೆಯಾಗಿ ಆರಿಸತೊಡಗಿದರು.

ಗಣಿ ಬೇಡವೆಂದು ಊರಿನವರು 2022ರ ಮಾರ್ಚ್ 2ರಿಂದ ಧರಣಿ ಕುಳಿತಿದ್ದ ಚಪ್ಪರಕ್ಕೆ ಮಧ್ಯಾಹ್ನ ಹೋದೆ. ಅಲ್ಲಿದ್ದ ಒಬ್ಬ ಹಿರಿಯರನ್ನು ಎಲ್ಲರೂ 'ಕಾಕಾ' ಎನ್ನುತ್ತಿದ್ದರು. 2021ರ ಅಕ್ಟೋಬರಿನಲ್ಲಿ ಫತೇಪುರದಿಂದ ರಾಯಪುರದವರೆಗೆ ಸುಮಾರು 300 ಕಿಲೋಮೀಟರ್ ನಡೆದವರಲ್ಲಿ ಅವರೂ ಒಬ್ಬರು. ಪ್ಲಾಸ್ಟಿಕ್ ಚೀಲ ಬಿಚ್ಚಿ ಒಂದೊಂದೇ ಕಾಗದ ತೆಗೆದಿಟ್ಟರು. ಈ ಕಾಡು ಒಮ್ಮೆ ಕಲ್ಲಿದ್ದಲಿಗೆ 'ನಿಷಿದ್ಧ ವಲಯ'ವೆಂದು ಗುರುತಾಗಿತ್ತು. ಪರ್ಸಾ ಈಸ್ಟ್ ಕೇತೆ ಬಾಸನ್ ಗಣಿಗೆ ಕಾಡು ಕೊಡಬಾರದೆಂದು 2011ರ ಜೂನಿನಲ್ಲಿ ಕೇಂದ್ರದ ಅರಣ್ಯ ಸಲಹಾ ಸಮಿತಿ ಹೇಳಿದರೂ ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಒಪ್ಪಿಗೆ ಕೊಟ್ಟರು. (ನಮ್ಮ ಚಿಕ್ಕಮಗಳೂರಿನಲ್ಲಿ ಹುಟ್ಟಿದವರು ಎಂದು ಹೇಳಲು ನನಗೆ ಆ ಚಪ್ಪರದಲ್ಲಿ ಬಾಯಿ ಬರಲಿಲ್ಲ.) ಹಸಿರು ನ್ಯಾಯಮಂಡಳಿ 2014ರಲ್ಲಿ ಆ ಒಪ್ಪಿಗೆಯನ್ನು ರದ್ದುಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟು ಗಣಿಗಾರಿಕೆ ನಡೆಯಲು ಬಿಟ್ಟಿತು. ಘಾಟ್‌ಬರ್ರಾ ಊರಿಗೆ ಕೊಟ್ಟಿದ್ದ, ಕಾಡಿನ ಮೇಲೆ ಇಡೀ ಊರಿನ ಹಕ್ಕನ್ನು ಒಪ್ಪುವ ಸಮುದಾಯ ಅರಣ್ಯ ಹಕ್ಕುಪತ್ರವನ್ನು 2016ರಲ್ಲಿ ಹಿಂದಕ್ಕೆ ಪಡೆಯಲಾಯಿತು. ಇಲ್ಲಿ ಗಣಿಗಳೇ ಬೇಡವೆಂದು 2022ರ ಜುಲೈನಲ್ಲಿ ರಾಜ್ಯದ ವಿಧಾನಸಭೆ ಒಮ್ಮತದ ನಿರ್ಣಯ ಮಾಡಿತು. ಸೆಪ್ಟೆಂಬರಿನಲ್ಲಿ ಪೊಲೀಸರ ಕಾವಲಿನಲ್ಲಿ ಮರ ಕಡಿದರು.

"ನಿಮ್ಮಲ್ಲಿ ಕರೆಂಟು ಎಲ್ಲಿಂದ ಬರುತ್ತದೆ, ಬಾಬು?" ಎಂದು ಕಾಕಾ ನಡುವೆ ಕೇಳಿದರು. ನಾನು ರಾಯಚೂರಿನವನು, ಶಕ್ತಿನಗರದ 1,720 ಮೆಗಾವ್ಯಾಟಿನ ಸ್ಥಾವರವನ್ನು ನೋಡುತ್ತ ಬೆಳೆದವನು. ನಮ್ಮ ರಾಜ್ಯದ ವಿದ್ಯುತ್ ನಿಗಮಕ್ಕೂ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬರಾಂಜದಲ್ಲಿ ಗಣಿಯಿದೆ. ಹಸದೇವಿನ ಈ ಕಲ್ಲಿದ್ದಲು ಹೋಗುವುದು ರಾಜಸ್ಥಾನದ ಸ್ಥಾವರಗಳಿಗೆ, ಅಲ್ಲಿಯ ಮನೆಗಳಿಗೂ ದೀಪ ಬೇಕು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಬೇಕಾದವರು ಕೇಳಲಿ. ಕೇಳುವುದೆಂದರೆ ನಾವು ಬೇಡ ಅನ್ನುವುದಕ್ಕೂ ಜಾಗ ಇರಬೇಕಲ್ಲ" ಎಂದರು.

ಆ ಜಾಗ ಕಾನೂನಿನಲ್ಲೇನೋ ಇದೆ. ಅರಣ್ಯ ಹಕ್ಕು ಕಾಯ್ದೆ ಅನ್ವಯವಾಗುವ ಊರುಗಳಲ್ಲಿ ಗ್ರಾಮಸಭೆಯ ಸಮ್ಮತಿಯಿಲ್ಲದೆ ಕಾಡನ್ನು ಬೇರೆ ಕೆಲಸಕ್ಕೆ ಬಿಡಬಾರದೆಂದು ಕೇಂದ್ರ ಪರಿಸರ ಸಚಿವಾಲಯವೇ 2009ರಲ್ಲಿ ಸುತ್ತೋಲೆ ಹೊರಡಿಸಿತ್ತು. ಪಕ್ಕದ ಪರ್ಸಾ ಗಣಿಗೆ ಸಾಲ್ಹಿ, ಹರಿಹರಪುರ, ಫತೇಪುರಗಳು ಸಮ್ಮತಿಸಿವೆ ಎಂಬ ಠರಾವುಗಳು ಖೊಟ್ಟಿ ಎಂಬುದು ಊರವರ ಆರೋಪ. ಸಭೆಯಲ್ಲಿ ಬೇರೆ ವಿಷಯಗಳು ಮುಗಿದು ಸಹಿಯಾದ ಮೇಲೆ ಆ ಸಾಲುಗಳು ಸೇರಿಕೊಂಡವೆಂದು ಕಾಕಾ ಹೇಳಿದರು. ಅವರ ಕೈಯಲ್ಲಿದ್ದ ಠರಾವಿನ ಪ್ರತಿಯಲ್ಲಿ ಕೊನೆಯ ಸಾಲುಗಳು ಸಹಿಗಳ ಮೇಲೆ ಇಕ್ಕಟ್ಟಾಗಿ ಕುಳಿತಿದ್ದವು. "ನಿಮ್ಮ ಪಂಚಾಯಿತಿ ಪುಸ್ತಕದಲ್ಲಿ ಸಹಿಯ ಮೇಲೆ ಖಾಲಿ ಬಿಡುತ್ತಾರೆಯೇ?" ಎಂದು ಕೇಳಿದರು. ನಾನು ನೋಡಿರಲೇ ಇಲ್ಲ.

ಹೊರಡುವಾಗ ಭೇಟಿಗೆ ಬಂದವರ ಪುಸ್ತಕವನ್ನು ಮುಂದಿಟ್ಟರು. ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಸ್ವಲ್ಪ ಕೆಳಗೆ ಸಹಿ ಹಾಕಿದೆ. ಕಾಕಾ ಪೆನ್ನನ್ನು ನನ್ನ ಕೈಯಿಂದ ತೆಗೆದುಕೊಂಡು, ಬರಹಕ್ಕೂ ಸಹಿಗೂ ನಡುವೆ ಉಳಿದಿದ್ದ ಜಾಗಕ್ಕೆ ಓರೆಯಾಗಿ ಒಂದು ಗೀಟು ಎಳೆದರು.